ತವರಿಗೆ ಉಡಿ ತುಂಬಿದವರು

1858ರ ಏಪ್ರಿಲ್ ತಿಂಗಳಲ್ಲಿ ಐದೇ ದಿನದ ಅಂತರದಲ್ಲಿ ಇಬ್ಬರು ಹುಟ್ಟಿದರು. 18ನೆಯ ತಾರೀಖಿಗೆ ಕೊಂಕಣದಲ್ಲಿ ಧೋಂಡೋ ಕೇಶವ ಕರ್ವೆ, 23ಕ್ಕೆ ನಮ್ಮ ಕನ್ನಡ ಸೀಮೆಯ ಘಟ್ಟದಲ್ಲಿ, ಗಂಗಾಮೂಲದ ಕಾಡಿನೊಳಗೆ, ರಮಾಬಾಯಿ. ಒಬ್ಬರು ಮಹರ್ಷಿ ಅನ್ನಿಸಿಕೊಂಡರು, ಇನ್ನೊಬ್ಬರು ಪಂಡಿತಾ ಅನ್ನಿಸಿಕೊಂಡರು. ಈ ಇಬ್ಬರ ನಡುವೆ ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಅವಳ ಹಿಂದೆ ಅವಳ ತಂಗಿ ಇದ್ದಾಳೆ. ನಾನು ಹೇಳಬೇಕೆಂದಿರುವುದು ಆ ಅಕ್ಕ-ತಂಗಿಯರ ಮಾತು.

ಇದನ್ನು ಬರೆಯಲು ಕಾರಣ ಉಂಟು. ನಮ್ಮ ಊರ ಕನ್ನಡ ಸಾಲಿಯಲ್ಲಿ ಕಲಿತು ಬೇರೆ ಬೇರೆ ಕಡೆ ಲಗ್ನವಾಗಿ ಹೋದ ಹೆಣ್ಣುಮಕ್ಕಳು ಕೂಡಿ, ಹತ್ತನೆಯ ಇಯತ್ತೆ ಮುಗಿಸುವ ಹುಡುಗಿಯರಿಗೆ ವರ್ಷಾ ವರ್ಷ ಒಂದು ಬಹುಮಾನ ಕೊಡಬೇಕು ಅಂತ ಎತ್ತಿದ್ದಾರೆ. ವಾಚನಾಲಯದಲ್ಲಿ ಈ ಬಗ್ಗೆ ಬಹಳ ಮಾತಾಯಿತು. ಹೆಚ್ಚು ಅಂಕ ತೆಗೆದವಳಿಗೆ ಕೊಡಬೇಕೋ, ಮುಂದೆ ಕಲಿಯಲಿಕ್ಕೆ ದಾರಿ ಇಲ್ಲದವಳಿಗೆ ಕೊಡಬೇಕೋ? ರೊಕ್ಕ ಬ್ಯಾಂಕಿನಲ್ಲಿ ಠೇವು ಇಡಬೇಕೋ, ವರ್ಷಕ್ಕೊಮ್ಮೆ ವರ್ಗಣಿ ಎತ್ತಬೇಕೋ? ಈ ಪ್ರಶ್ನೆಗಳು ಹೊಸವಲ್ಲ. ನೂರು ವರ್ಷಕ್ಕಿಂತ ಹಿಂದೆ ಪುಣೆಯಲ್ಲಿ ಇವೇ ಪ್ರಶ್ನೆ ಎದ್ದಿದ್ದವು. “ಪುಣೆದು ನಮಗ್ಯಾಕ್ರೀ, ನಾವು ಕನ್ನಡದವರು” ಅಂತ ಒಬ್ಬರು ಅಂದರು. ನಮ್ಮ ಹುಡುಗ್ಯಾರು ಸೊಲ್ಲಾಪುರ ದಾಟಿದರೆ ಮುಂದೆ ಹೋಗುವುದು ಪುಣೆಗೇ. ಹಾಗಾಗಿ ಆ ಊರಿನ ಲೆಕ್ಕ ನಮಗೂ ಬೇಕು.

ಮೊದಲು ರಮಾಬಾಯಿಯವರದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಅದು ತಪ್ಪೆಂದು ದೂರು ಬಂದು ಉಡುಪಿಯಲ್ಲಿ ಪಂಡಿತರ ಮುಂದೆ ಉತ್ತರ ಕೊಡಬೇಕಾಯಿತು, ಕೊಟ್ಟು ಗೆದ್ದರು. ಆ ತಾಯಿಯ ಬಾಯಿಂದ ಮಗಳು ಪುರಾಣ ಕಲಿತಳು. ಬರಗಾಲದಲ್ಲಿ ತಂದೆತಾಯಿ ತೀರಿದರು. ಅಣ್ಣನ ಜೊತೆ ದೇಶ ತಿರುಗುತ್ತಾ ಕಲಕತ್ತೆ ಸೇರಿದಾಗ ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತಾ ಎಂಬ ಬಿರುದು ಕೊಟ್ಟರು. ಮುಂದೆ ಮದುವೆ, ಮಗಳು, ವೈಧವ್ಯ, ಇಂಗ್ಲೆಂಡು, ಧರ್ಮಾಂತರ, ಅಮೆರಿಕ. ಇದೆಲ್ಲ ಬೇರೆ ಪುಸ್ತಕಗಳಲ್ಲಿದೆ, ಇಲ್ಲಿ ಬೇಡ.

ನಮಗೆ ಬೇಕಾದದ್ದು ರೊಕ್ಕದ ವಿಷಯ. 1887ರ ಡಿಸೆಂಬರದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಎಂಬ ಸಂಘ ಹುಟ್ಟಿತು. ಹತ್ತು ವರ್ಷ ಖರ್ಚು ನೋಡಿಕೊಳ್ಳುತ್ತೇವೆ ಅಂತ ಅವರು ಮಾತು ಕೊಟ್ಟರು. ಊರೂರಿಗೆ ರಮಾಬಾಯಿ ಮಂಡಳಿಗಳಾದವು. ಸದಸ್ಯರು ವರ್ಷಕ್ಕೆ ಒಂದು ಡಾಲರ್ ಕೊಡಬೇಕು, ಹತ್ತು ವರ್ಷ ಬಿಡದೆ ಕೊಡಬೇಕು. ಒಬ್ಬ ಸಾಹುಕಾರ ಒಮ್ಮೆಲೇ ಕೊಟ್ಟ ದೊಡ್ಡ ಮೊತ್ತ ಅದಲ್ಲ. ಸಾಮಾನ್ಯ ಹೆಂಗಸರು ಕೊಟ್ಟ ಡಾಲರುಗಳು ಕೂಡಿ 1889ರ ಮಾರ್ಚ್ 11ಕ್ಕೆ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಅದೊಂದು ಮನೆ, ಅದರೊಳಗೇ ಒಂದು ಸಾಲಿ. ಸುರುವಿಗೆ ಬಂದ ಇಬ್ಬರಲ್ಲಿ ಒಬ್ಬಳು ವಿಧವೆ, ಹೆಸರು ಗೋದೂಬಾಯಿ ಜೋಶಿ.

ಗೋದೂಬಾಯಿಗೆ ಲಗ್ನವಾದಾಗ ಎಂಟು ವರ್ಷ. ಮೂರು ತಿಂಗಳಿಗೆ ಗಂಡ ತೀರಿದ. ಅಣ್ಣ ನರಹರಪಂತ ಮುಂಬಯಿಯಲ್ಲಿದ್ದ, ಅವನೇ ಧೈರ್ಯ ಮಾಡಿ ಸದನಕ್ಕೆ ಸೇರಿಸಿದ. ಇಲ್ಲಿ ಒಂದು ಮಾತು ಗಮನಿಸಬೇಕು. ಆಕೆಗೆ ಜಾಗ ಸಿಕ್ಕದ್ದು ಅಂಕ ನೋಡಿ ಅಲ್ಲ. ಸಾಲಿಯ ಬಾಗಿಲನ್ನೇ ಕಾಣದವಳಿಗೆ ಅಂಕ ಎಲ್ಲಿಂದ ಬರಬೇಕು? ಬೇರೆ ದಾರಿ ಇಲ್ಲ ಎಂಬುದೇ ಆಕೆಯ ಯೋಗ್ಯತೆ.

ನರಹರಪಂತನ ಗೆಳೆಯರೇ ಕರ್ವೆ. ಇವರ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಒಂದು ಪ್ರಸಂಗ ಇದೆ. ಹದಿನೇಳರ ಹುಡುಗ ಕರ್ವೆ ಸರಕಾರದ ಪರೀಕ್ಷೆಗೆ ಕೂಡ್ರಲು ಮುರುಡದಿಂದ ಸಾತಾರಕ್ಕೆ ನೂರು ಮೈಲಿಗೂ ಹೆಚ್ಚು ನಡೆದು, ಘಟ್ಟ ಹತ್ತಿ ಹೋದರು. ಅಲ್ಲಿಯ ಕಮಿಟಿಯವರು ಮುಖ ನೋಡಿ, ಇವನಿಗೆ ಹದಿನೇಳು ವರ್ಷ ಆದಂಗ ಕಾಣೂದಿಲ್ಲ ಅಂತ ಹೊರಗೆ ಹಾಕಿದರು. ಸಾಲಿಯ ಕಡೆಯ ಮೆಟ್ಟಿಲ ಮೇಲೆ ನಿಂತ ಮಗುವಿಗೆ ಒಂದು ಕಾಗದ, ಒಂದು ಸಹಿ ಎಷ್ಟು ದೊಡ್ಡದು ಎಂಬುದನ್ನು ಅವರು ಅಂದೇ ಕಂಡರು. ಮುಂದೆ ಗಣಿತ ಕಲಿಸುವ ಮಾಸ್ತರರಾಗಿ 1891ಕ್ಕೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಬಂದರು. ಅದೇ ವರ್ಷ ಅವರ ಹೆಂಡತಿ ತೀರಿದ್ದರು. ಎರಡನೆಯ ಲಗ್ನವಾದರೆ ವಿಧವೆಯನ್ನೇ ಎಂದು ಹಟ ಹಿಡಿದು, 1893ರ ಮಾರ್ಚ್ 11ಕ್ಕೆ ಗೋದೂಬಾಯಿಯನ್ನು ಮದುವೆಯಾದರು. ಶಾರದಾ ಸದನ ತೆರೆದ ತಾರೀಖೂ ಮಾರ್ಚ್ 11 ಎಂಬುದನ್ನು ಓದುಗರು ನೆನಪಿಡಿ. ಮುರುಡದ ಜನ ಸಭೆ ಕೂಡಿ ಬಹಿಷ್ಕಾರ ಹಾಕಿದರು. ತಾಯಿಗೆ ಮಗನನ್ನು ಮನೆಯೊಳಗೆ ಕರೆದುಕೊಳ್ಳುವ ಹಾಗಿರಲಿಲ್ಲ.

ಅದೇ 1893ರಲ್ಲಿ ಶಾರದಾ ಸದನಕ್ಕೂ ಪೆಟ್ಟು ಬಿತ್ತು. ಅಷ್ಟರಲ್ಲಿ ಸದನ ಪುಣೆಗೆ ಬಂದಿತ್ತು. ಹುಡುಗಿಯರು ಕ್ರೈಸ್ತ ಪ್ರಾರ್ಥನೆಗೆ ಹೋಗುತ್ತಾರೆ ಎಂಬ ಗದ್ದಲವೆದ್ದು, ಸಲಹೆಗಾರರಾಗಿದ್ದ ರಾನಡೆ, ಭಾಂಡಾರಕರ ಕೈ ಬಿಟ್ಟರು. ಪಾಲಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಯಾರದು ಸರಿ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಅಲ್ಲಿ ರೊಕ್ಕ ಕೊಟ್ಟವರು ಸಮುದ್ರದಾಚೆ, ಊರ ಹಿರಿಯರು ಈಚೆ, ನಡುವೆ ಕಲಿಯುವ ಹುಡುಗಿ. ಆಕೆಯನ್ನು ಕೇಳಿದವರು ಯಾರೂ ಇಲ್ಲ. ಕೊಡುವವಳೇ ಒಂದು ಕಾಲಕ್ಕೆ ಅದೇ ಮಣೆಯ ಮೇಲೆ ಕೂತು ಕಲಿತವಳಾಗಿದ್ದರೆ ಹೇಗಿರುತ್ತಿತ್ತು? ಅದನ್ನು ತೋರಿಸಿದ್ದು ಗೋದೂಬಾಯಿಯ ತಂಗಿ.

1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮ ಸುರು ಮಾಡಿದರು. ಪುಣೆಯಲ್ಲಿ ಪ್ಲೇಗು ಬಂದದ್ದರಿಂದ 1900ಕ್ಕೆ ಅದನ್ನು ಊರ ಹೊರಗೆ ಹಿಂಗಣೆಗೆ ಒಯ್ದರು. ಗೋಖಲೆ ಎಂಬ ರಾವಬಹಾದ್ದೂರರು 6 ಎಕರೆ ಜಾಗ ಮತ್ತು 750 ರೂಪಾಯಿ ಕೊಟ್ಟರು. 500 ರೂಪಾಯಿಯಲ್ಲಿ ಒಂದು ಗುಡಿಸಲು ಎದ್ದಿತು. ಕಾಲೇಜು ಮುಗಿಸಿ ಕರ್ವೆ ಸಂಜೆಗೆ ಸಾಮಾನು ಹೊತ್ತುಕೊಂಡು ಅಲ್ಲಿಗೆ ನಡೆದು ಹೋಗುತ್ತಿದ್ದರು.

ಆ ಹೊತ್ತಿಗೆ ಪಾರ್ವತೀಬಾಯಿ ಆಠವಲೆ ಬಂದಿದ್ದರು. ಗೋದೂಬಾಯಿಯ ತಂಗಿ, 1870ರಲ್ಲಿ ಹುಟ್ಟಿದವರು, ಇಪ್ಪತ್ತಕ್ಕೇ ವಿಧವೆ, ಕೈಯಲ್ಲಿ ಒಬ್ಬ ಮಗ. ಅಕ್ಷರ ಕಲಿತದ್ದು ಇಪ್ಪತ್ತೈದು ದಾಟಿದ ಮೇಲೆ. ನಮ್ಮ ಕಡೆ ಈಗಲೂ ಹದಿನೆಂಟಾದವಳನ್ನು “ಇನ್ನೇನ ಸಾಲಿ” ಅನ್ನುತ್ತಾರೆ. ಅಂಥವರಿಗೆ ಈ ಬಾಯಿಯವರ ವಯಸ್ಸು ಹೇಳಬೇಕು. ಕಲಿತಾದ ಮೇಲೆ ಆಕೆ ಆಶ್ರಮಕ್ಕಾಗಿ ವರ್ಗಣಿ ಎತ್ತಲು ಹೊರಟರು. ತಲೆ ಬೋಳಿಸಿದ ವಿಧವೆ ಎದುರು ಬಂದರೆ ಅಪಶಕುನ ಅನ್ನುವ ಕಾಲ. ಆಕೆ ಅದೇ ವೇಷದಲ್ಲಿ ಊರೂರು ತಿರುಗಿ, ಸಭೆಯಲ್ಲಿ ನಿಂತು ಮಾತಾಡಿ, ಮನೆಮನೆಗೆ ಹೋಗಿ ಕೈ ಚಾಚಿದರು. ತನಗಾಗಿ ಅಲ್ಲ, ತನ್ನ ಹಿಂದೆ ಬರುವವರಿಗಾಗಿ. ಹಲವು ವರ್ಷಗಳ ಮೇಲೆ ಕೂದಲು ಬಿಡಲು ತೀರ್ಮಾನಿಸಿದ್ದೂ ಆಕೆಯದೇ ವಿಚಾರ.

ಇನ್ನೂ ಒಂದು ಸಾಹಸ ಉಳಿದಿತ್ತು. ದೊಡ್ಡವರ ಹತ್ತಿರ ರೊಕ್ಕ ಕೇಳಲಿಕ್ಕೆ ಇಂಗ್ಲೀಷು ಬೇಕು ಅಂತ ಅನ್ನಿಸಿ, 1918ರಲ್ಲಿ, ಐವತ್ತರ ಹತ್ತಿರ ಬಂದಾಗ, ಆಕೆ ಅಮೆರಿಕಕ್ಕೆ ಹೋದರು. ಹತ್ತಿರ ರೊಕ್ಕವಿಲ್ಲ, ಭಾಷೆ ಬಾರದು, ಊಟ ಬರೀ ಶಾಕಾಹಾರ. ಅಲ್ಲಿ ಪರರ ಮನೆಯಲ್ಲಿ ಕೆಲಸಕ್ಕೆ ನಿಂತು ದಿನ ಕಳೆದರು. ಭಾಷೆ ಕಲಿತು ತಿರುಗಿ ಬಂದು ಮತ್ತೆ ಅದೇ ಕೆಲಸಕ್ಕೆ ಬಿದ್ದರು. ತನ್ನ ಕಥೆಯನ್ನು ಮರಾಠಿಯಲ್ಲಿ ತಾನೇ ಬರೆದಿಟ್ಟಿದ್ದಾರೆ, ಅದು 1930ರಲ್ಲಿ ಇಂಗ್ಲೀಷಿಗೂ ಹೋಯಿತು. ನಮ್ಮ ತಾಲೂಕಿನ ಗ್ರಂಥಾಲಯಗಳು ಮರಾಠಿ ಪುಸ್ತಕ ತರಿಸುವಾಗ ಇದನ್ನೂ ತರಿಸಬೇಕು ಅಂತ ನನ್ನ ಆಸೆ.

ತವರಿಗೆ ಬಂದ ಮಗಳಿಗೆ ಉಡಿ ತುಂಬಿ ಕಳಿಸುವುದು ನಮ್ಮ ಪದ್ಧತಿ. ಇಲ್ಲಿ ಮಗಳೇ ತವರಿಗೆ ಉಡಿ ತುಂಬಿದಳು. ಇದು ಒಬ್ಬರದೇ ಮಾತಲ್ಲ. ಕಾಶೀಬಾಯಿ ದೇವಧರ, ವೇಣುಬಾಯಿ ನಾಮಜೋಶಿ ಎಂಬ ಆಶ್ರಮದ ಮೊದಲ ಕಾಲದ ವಿಧವೆಯರು ಕೂಡ ತಮ್ಮ ಆಯುಷ್ಯವನ್ನೇ ಕೊಟ್ಟರು. ಫಲದ ಆಸೆ ಇಲ್ಲದೆ ದುಡಿಯುತ್ತೇವೆ ಎಂದು ಪ್ರತಿಜ್ಞೆ ಮಾಡುವವರಿಗಾಗಿ ಕರ್ವೆ ಕಟ್ಟಿದ ನಿಷ್ಕಾಮ ಕರ್ಮ ಮಠದಲ್ಲಿ ಈ ಹೆಣ್ಣುಮಕ್ಕಳೂ ಇದ್ದರು.

ಈಗ ದೊಡ್ಡ ದೇಣಿಗೆಯ ಲೆಕ್ಕಕ್ಕೆ ಬರೋಣ. 1916ರಲ್ಲಿ ಕರ್ವೆಯವರು ಹೆಂಗಸರಿಗಾಗಿ ವಿಶ್ವವಿದ್ಯಾಲಯ ತೆರೆದರು. ಕಾಲೇಜಿಗೆ ಬಂದವರು 5 ಜನ. ಅದರ ದೊಡ್ಡ ಗುಣ, ಕಲಿಸುವುದು ತಾಯಿನುಡಿಯಲ್ಲಿ, ಇಂಗ್ಲೀಷು ಒಂದು ವಿಷಯ ಮಾತ್ರ. ಗಡಿಯಲ್ಲಿ ಕನ್ನಡ ಸಾಲಿ ನಡೆಸುವ ನಮಗೆ ಈ ಮಾತಿನ ತೂಕ ಬೇರೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಹತ್ತನೆಯದು ಮುಗಿಸಿದ ನಮ್ಮ ಹುಡುಗಿ ಹನ್ನೊಂದನೆಯದಕ್ಕೆ ಮರಾಠಿಗೋ ಇಂಗ್ಲೀಷಿಗೋ ಹೊರಳಬೇಕು. ಎಷ್ಟೋ ಮಂದಿ ನಿಂತುಬಿಡುವುದು ಆ ತಿರುವಿನಲ್ಲೇ.

1920ರಲ್ಲಿ ಸರ್ ವಿಠ್ಠಲದಾಸ ಠಾಕರಸಿ ತಾಯಿಯ ಹೆಸರಿನಲ್ಲಿ ಆ ವಿದ್ಯಾಲಯಕ್ಕೆ 15 ಲಕ್ಷ ರೂಪಾಯಿಯ ದೇಣಿಗೆ ಹೇಳಿದರು. ಅದರ ಲೆಕ್ಕ ಹೀಗೆ: ಶೇಕಡಾ ಮೂರೂವರೆ ಬಡ್ಡಿ, ವರ್ಷಕ್ಕೆ 52,500 ರೂಪಾಯಿ. ಅಸಲು ಮುಟ್ಟದೆ ಬಡ್ಡಿ ಬಳಸುವ ದತ್ತಿಯ ಪದ್ಧತಿ ಇದೇ. ಆ ಕಾಲಕ್ಕೆ ಅದು ರಾಜನ ದೇಣಿಗೆ. ಆದರೆ ನಮ್ಮಂಥವರ ಸಣ್ಣ ದತ್ತಿಗೆ ಈ ಪದ್ಧತಿಯಲ್ಲಿ ಒಂದು ಕುತ್ತು ಉಂಟು. 10,000 ರೂಪಾಯಿ ಠೇವು ಇಟ್ಟು ಶೇಕಡಾ 7 ಬಡ್ಡಿ ಹಿಡಿದರೆ ವರ್ಷಕ್ಕೆ 700. ಇಪ್ಪತ್ತು ವರ್ಷವಾದರೂ ಅದೇ 700. ಬಸ್ಸಿನ ಪಾಸು, ವಹಿ, ಸಮವಸ್ತ್ರದ ಬೆಲೆ ಮಾತ್ರ ನಿಲ್ಲುವುದಿಲ್ಲ. ಸಾಲಿಯ ಫಲಕದ ಮೇಲೆ ಹೆಸರು ಹೊಳೆಯುತ್ತಿರುತ್ತದೆ, ಹುಡುಗಿಯ ಕೈಗೆ ಬರುವುದು ಒಂದು ಕಂಪಾಸ ಪೆಟ್ಟಿಗೆ. ಇಂಥ ದತ್ತಿ ನಾನು ನನ್ನ ನೌಕರಿಯಲ್ಲಿ ಹಲವು ನೋಡಿದ್ದೇನೆ.

ಹಿಂಗಣೆಯವರು ಹಿಡಿದ ಇನ್ನೊಂದು ದಾರಿ ಭಾವುಬೀಜ ನಿಧಿ. ದೀಪಾವಳಿಯ ಆ ದಿನ ಅಣ್ಣ ತಂಗಿಗೆ ಕೊಡುವ ಓವಾಳಣಿಯ ಹಾಗೆ, ಊರೂರಿನಲ್ಲಿ ಕೈಲಾದಷ್ಟು ಕೂಡಿಸಿ ಕಲಿಯುವ ತಂಗಿಯರಿಗೆ ಮುಟ್ಟಿಸುವುದು. ಮೊತ್ತ ಸಣ್ಣದು, ಆದರೆ ವರ್ಷಾ ವರ್ಷ ಹೊಸದು, ಬೆಲೆ ಏರಿದರೆ ವರ್ಗಣಿಯೂ ಏರಬಹುದು. ಬಾಸ್ಟನ್ನಿನ ಒಂದು ಡಾಲರಿನ ಉಪಾಯವೂ ಇದೇ ಜಾತಿಯದು. ಮತ್ತೊಂದು ಲಾಭ, ವರ್ಷಕ್ಕೊಮ್ಮೆ ಕೇಳಲಿಕ್ಕೆ ಹೋದಾಗ ಕೊಡುವವರಿಗೂ ಸಾಲಿಯ ಸುದ್ದಿ ಮುಟ್ಟುತ್ತದೆ.

ಅಂಕದ ಮಾತು ಉಳಿಯಿತು. ಹೆಚ್ಚು ಅಂಕ ತೆಗೆದವಳಿಗೆ ಮರ್ಯಾದೆ ಬೇಡ ಅಂತ ನಾನು ಅನ್ನುವುದಿಲ್ಲ. ಆಕೆಗೆ ಶಾಲು, ಪುಸ್ತಕ, ಚಪ್ಪಾಳೆ ಸಲ್ಲಬೇಕು. ರೊಕ್ಕ ಮಾತ್ರ ಮುಂದಿನ ಸಾಲಿಗೆ ಹೆಸರು ಹಚ್ಚಿದವಳಿಗೆ, ಹಚ್ಚಿದ ಪಾವತಿ ನೋಡಿ ಹೋಗಬೇಕು. ವೇದಿಕೆಯ ಮೇಲೆ ಲಕೋಟೆ ಕೊಟ್ಟರೆ ಅದು ಮನೆಯ ಖರ್ಚಿಗೆ ಸೇರುತ್ತದೆ, ಮನೆಯವರನ್ನು ಅದಕ್ಕೆ ದೂರಲಾಗದು. ಯಾರಿಗೆ ಕೊಡಬೇಕು ಎಂಬುದನ್ನು ಆರಿಸುವವರು ಅದೇ ಸಾಲಿಯಲ್ಲಿ ಕಲಿತ ಅಕ್ಕಂದಿರೇ ಆಗಿರಲಿ. ಯಾವ ಮನೆಯಲ್ಲಿ ಲಗ್ನದ ಮಾತು ನಡೆದಿದೆ, ಯಾವ ಹುಡುಗಿ ಕಬ್ಬು ಕಡಿಯುವ ತಂಡದ ಸಂಗಡ ಹೋಗಲಿದ್ದಾಳೆ ಅನ್ನುವುದು ಮಾಸ್ತರರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಹಿಂಗಣೆಯ ಗುಡಿಸಲಿನಿಂದ ಬೆಳೆದ ವಿದ್ಯಾಲಯದಿಂದ 1921ರಲ್ಲಿ ಮೊದಲ ಐವರು ಹೆಣ್ಣುಮಕ್ಕಳು ಪದವಿ ಪಡೆದು ಹೊರಬಂದರು. ಗೋದೂಬಾಯಿ ಶಾರದಾ ಸದನದ ಮೆಟ್ಟಿಲು ಹತ್ತಿ ಆಗ ಮೂವತ್ತೆರಡು ವರ್ಷವಾಗಿತ್ತು. ಪಾರ್ವತೀಬಾಯಿ ಅಮೆರಿಕದಿಂದ ಬಂದು ಒಂದು ವರ್ಷ ಆಗಿತ್ತು, ಮತ್ತೆ ವರ್ಗಣಿಗೆ ತಿರುಗುತ್ತಿದ್ದರು.

ನಮ್ಮ ಪಾವತಿ ಪುಸ್ತಕ ಈ ದೀಪಾವಳಿಗೆ ವಾಚನಾಲಯದ ಮೇಜಿನ ಮೇಲೆ ಇರುತ್ತದೆ. ತವರಿಗೆ ಬಂದವರು ಬಂದು ಬರೆಸಬಹುದು.