ಕೃಷಿ ಸಂಶೋಧನೆಯ ಧನಸಹಾಯ ಮತ್ತು ಸಣ್ಣ ಉದ್ಯಮ: ಅಮೆರಿಕದ 1982ರ ಶಾಸನದ ಪೂರ್ವೋತ್ತರಗಳು

1982ನೆಯ ಇಸವಿ ಜುಲೈ 22ರಂದು ಅಮೆರಿಕದ ಅಧ್ಯಕ್ಷರಾದ ರೇಗನ್ನರು ಅಂಕಿತ ಹಾಕಿದ ಒಂದು ಶಾಸನವು ಹೀಗೆ ವಿಧಿಸಿತು: ಹೊರಗಿನವರಿಂದ ಸಂಶೋಧನೆ ಮಾಡಿಸಲು ವರ್ಷಕ್ಕೆ ಹತ್ತು ಕೋಟಿ ಡಾಲರಿಗೂ ಮಿಗಿಲಾಗಿ ವೆಚ್ಚಮಾಡುವ ಪ್ರತಿಯೊಂದು ಕೇಂದ್ರ ಇಲಾಖೆಯೂ ಆ ಹಣದಲ್ಲಿ ಒಂದಂಶವನ್ನು ಸಣ್ಣ ಉದ್ಯಮಗಳಿಗೆಂದೇ ಮೀಸಲಿಡತಕ್ಕದ್ದು. ಮೊದಲ ವರ್ಷ ನೂರಕ್ಕೆ 0.2, ಕ್ರಮೇಣ ಅದು 1.25ಕ್ಕೆ ಏರಬೇಕು. ಅಂಶವು ಅತ್ಯಲ್ಪವೇ ಸರಿ. ಆದರೂ ವಿಶ್ವವಿದ್ಯಾನಿಲಯಗಳೂ ವೈದ್ಯಕೀಯ ಕಾಲೇಜುಗಳೂ ಈ ಮಸೂದೆಯನ್ನು ಬಲವಾಗಿ ವಿರೋಧಿಸಿದವು. ಮೂಲಭೂತ ವಿಜ್ಞಾನದ ಪಾಲನ್ನು ಕಿತ್ತು ವ್ಯಾಪಾರಿಗಳಿಗೆ ಕೊಡಲಾಗುತ್ತಿದೆಯೆಂಬುದು ಅವುಗಳ ಆಕ್ಷೇಪಣೆ. ಕೃಷಿ ಇಲಾಖೆಯೂ ಈ ಶಾಸನದ ವ್ಯಾಪ್ತಿಗೆ ಬಂದಿತು. ಕೃಷಿಯ ವಿಷಯದಲ್ಲಿ ಈ ವಾದಕ್ಕೆ ಬೇರೆಡೆಯಿಲ್ಲದ ಒಂದು ಹಿನ್ನೆಲೆಯಿದೆ. ಅದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೃಷಿ ಸಂಶೋಧನೆಗೆ ಅಮೆರಿಕದ ಕೇಂದ್ರ ಸರ್ಕಾರವು ಹಣ ಕೊಡುವ ಪದ್ಧತಿ ಬಲು ಹಳೆಯದು. 1862ರ ಮೊರಿಲ್ ಶಾಸನದಿಂದ ಭೂದಾನ ಕಾಲೇಜುಗಳು ಹುಟ್ಟಿದವು. ಕೃಷಿ ಇಲಾಖೆ ಸ್ಥಾಪಿತವಾದುದೂ ಅದೇ ವರ್ಷ. 1887ರ ಹ್ಯಾಚ್ ಶಾಸನವು ಪ್ರತಿಯೊಂದು ಸಂಸ್ಥಾನದ ಪ್ರಯೋಗ ಕ್ಷೇತ್ರಕ್ಕೂ ವರ್ಷಕ್ಕೆ 15,000 ಡಾಲರುಗಳನ್ನು ಗೊತ್ತುಮಾಡಿತು. 1914ರ ಸ್ಮಿತ್-ಲೀವರ್ ಶಾಸನದಿಂದ ವಿಸ್ತರಣ ಸೇವೆ ಬೆಳೆಯಿತು. ಕಾಲೇಜು, ಪ್ರಯೋಗ ಕ್ಷೇತ್ರ, ವಿಸ್ತರಣೆ ಎಂಬ ಈ ಮುಪ್ಪುರಿಯ ವ್ಯವಸ್ಥೆ ನಮಗೂ ಅಪರಿಚಿತವಲ್ಲ. 1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯವು ಟೆನೆಸೀ ವಿಶ್ವವಿದ್ಯಾನಿಲಯದ ನೆರವಿನಿಂದ ಇದೇ ಮಾದರಿಯನ್ನು ಅನುಸರಿಸಿತು.

ಈ ವ್ಯವಸ್ಥೆಯಲ್ಲಿ ಸರ್ಕಾರದ ಹಣ ವಿದ್ವಾಂಸನಿಗೆ ಸಲ್ಲುತ್ತಿತ್ತು. ವಿದ್ವಾಂಸನ ಫಲಿತಾಂಶ ರೈತನಿಗೆ ಉಚಿತವಾಗಿ ದೊರೆಯುತ್ತಿತ್ತು. ಇವೆರಡರ ನಡುವೆ, ಫಲಿತಾಂಶವನ್ನು ಮಾರಬಲ್ಲ ಪದಾರ್ಥವನ್ನಾಗಿ ಮಾಡುವ ಸಣ್ಣ ಉದ್ಯಮಿಗೆ ಸ್ಥಾನವಿರಲಿಲ್ಲ. ಆದರೂ ಅವನು ಇದ್ದೇ ಇದ್ದನು. ಮಿಶ್ರತಳಿ ಮುಸುಕಿನ ಜೋಳದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಎರಡು ಸಂಕರಗಳನ್ನು ಮತ್ತೆ ಸಂಕರಗೊಳಿಸಿ ಅಗ್ಗವಾಗಿ ಬೀಜ ಪಡೆಯುವ ಉಪಾಯವನ್ನು ಡೊನಾಲ್ಡ್ ಜೋನ್ಸ್ ಕಂಡುಕೊಂಡುದು ಕನೆಕ್ಟಿಕಟ್ಟಿನ ಪ್ರಯೋಗ ಕ್ಷೇತ್ರದಲ್ಲಿ. ಅದನ್ನು ಬೀಜದ ವ್ಯಾಪಾರವಾಗಿ ನಿಲ್ಲಿಸಿದವರಲ್ಲಿ ಮೊದಲಿಗರು ಅಯೋವದ ಹೆನ್ರಿ ವಾಲೆಸ್. 1926ರಲ್ಲಿ ಅವರು ತೆರೆದ ಬೀಜದ ಕಂಪನಿ ಆರಂಭದಲ್ಲಿ ತೀರ ಚಿಕ್ಕದು. ಇದೇ ವಾಲೆಸರು 1933ರಲ್ಲಿ ಕೃಷಿ ಸಚಿವರಾದುದು ಚರಿತ್ರೆಯ ಒಂದು ವಿನೋದವೆನ್ನಬಹುದು.

ಇನ್ನೂ ಸ್ಪಷ್ಟವಾದ ನಿದರ್ಶನ ಫ್ರ್ಯಾಂಕ್ ಜೈಬಾಕನದು. ಈತನು ಕೊಲರಾಡೊ ಸಂಸ್ಥಾನದ ಸ್ಟ್ರಾಸ್‌ಬರ್ಗ್ ಬಳಿ ಗೋಧಿ ಬೆಳೆಯುತ್ತಿದ್ದ ರೈತ. ನೀರಾವರಿಯ ಕೊಳವೆಗಳನ್ನು ಆಳುಗಳು ಕೆಸರಿನಲ್ಲಿ ಕೈಯಿಂದ ಎತ್ತಿ ಸಾಗಿಸುವುದನ್ನು ನೋಡಿ, ಕೊಳವೆಯೇ ತನ್ನಷ್ಟಕ್ಕೆ ನಡೆಯುವಂತೆ ಮಾಡಬೇಕೆಂದು ಯೋಚಿಸಿದನು. ಹೊಲದ ನಡುವೆ ಒಂದು ಗೂಟ. ಅದಕ್ಕೆ ಸೇರಿಸಿದ ಉದ್ದನೆಯ ಕೊಳವೆ. ಕೊಳವೆಯನ್ನು ಹೊತ್ತ ಗಾಲಿಗಳ ಗೋಪುರಗಳು. ನೀರಿನ ಒತ್ತಡದಿಂದಲೇ ಗಾಲಿಗಳು ಚಲಿಸಿ, ಕೊಳವೆಯು ಗಡಿಯಾರದ ಮುಳ್ಳಿನಂತೆ ಹೊಲವನ್ನು ಸುತ್ತುತ್ತ ಸಿಂಪಡಿಸುವುದು. 1949ರಲ್ಲಿ ಅರ್ಜಿ ಸಲ್ಲಿಸಿ 1952ರಲ್ಲಿ ಪೇಟೆಂಟು ಪಡೆದನು. ಹಣ ಬಂದುದು ಪರಿಚಯದವರೊಬ್ಬರಿಂದ, ಸರ್ಕಾರದಿಂದಲ್ಲ. 1954ರಲ್ಲಿ ಹಕ್ಕು ನೆಬ್ರಾಸ್ಕದ ರಾಬರ್ಟ್ ಡಾಗರ್ಟಿ ಎಂಬವರ ಸಣ್ಣ ಕಾರ್ಖಾನೆಗೆ ಹೋಯಿತು. ಯಂತ್ರವು ನೆಟ್ಟಗೆ ಕೆಲಸ ಮಾಡುವಂತಾಗಲು ಆ ಕಾರ್ಖಾನೆಗೆ ಮತ್ತೂ ಹಲವು ವರ್ಷಗಳು ಹಿಡಿದವು. 160 ಎಕರೆಯ ಚೌಕದಲ್ಲಿ ಮೂಲೆಗಳನ್ನು ಬಿಟ್ಟು ಸುಮಾರು 130 ಎಕರೆಗೆ ಒಬ್ಬನೇ ನೀರುಣಿಸಬಲ್ಲವನಾದನು. ವಿಮಾನದಿಂದ ಕಾಣುವ ಹಸಿರು ವೃತ್ತಗಳು ಅಂದಿನಿಂದ ಬಂದವು. ಒಗಲ್ಲಾಲ ಅಂತರ್ಜಲದ ಮಟ್ಟ ಕುಸಿಯತೊಡಗಿದುದರಲ್ಲಿ ಈ ಯಂತ್ರದ ಪಾಲೂ ಉಂಟೆಂಬುದನ್ನು ಮರೆಯಬಾರದು. ಹೊಸತೆಲ್ಲವೂ ಹಿತವೆಂದು ನಾವು ವಾದಿಸುತ್ತಿಲ್ಲ.

ಇತ್ತ ಪ್ರಯೋಗ ಕ್ಷೇತ್ರಗಳ ಮೇಲೆಯೇ ಟೀಕೆ ಎದ್ದಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿ ಟೊಮ್ಯಾಟೊ ಕೊಯ್ಯುವ ಯಂತ್ರವೂ, ಯಂತ್ರದ ಹೊಡೆತ ತಾಳಬಲ್ಲ ಗಟ್ಟಿಸಿಪ್ಪೆಯ ಟೊಮ್ಯಾಟೊ ತಳಿಯೂ ಸಾರ್ವಜನಿಕ ಹಣದಿಂದ ಸಿದ್ಧವಾದವು. ಯಂತ್ರದ ಬೆಲೆ ದೊಡ್ಡದು. ಕೊಳ್ಳಬಲ್ಲವರು ದೊಡ್ಡ ಬೆಳೆಗಾರರು. 1960ರ ದಶಕದ ಆದಿಯಲ್ಲಿ ಸುಮಾರು 4,000 ಇದ್ದ ಬೆಳೆಗಾರರ ಸಂಖ್ಯೆ 1973ರ ವೇಳೆಗೆ ಸುಮಾರು 600ಕ್ಕೆ ಇಳಿಯಿತು. ಜಿಮ್ ಹೈಟವರ್ ಎಂಬವರು ಈ ಕಾಲದಲ್ಲಿ ಬರೆದ ಉಗ್ರ ವರದಿಯು, ಭೂದಾನ ಕಾಲೇಜುಗಳು ಸಣ್ಣ ರೈತನನ್ನು ತೊರೆದು ದೊಡ್ಡ ಕಂಪನಿಗಳ ಸೇವೆಗೆ ನಿಂತಿವೆಯೆಂದು ಆಪಾದಿಸಿತು. ಆಪಾದನೆಯಲ್ಲಿ ಅತ್ಯುಕ್ತಿಯಿದ್ದೀತು. ಆದರೆ ಸಂಶೋಧನೆಯ ಹಣ ವಿಶ್ವವಿದ್ಯಾನಿಲಯಕ್ಕೆ ಸಂದರೆ ಅದು ತಾನಾಗಿ ಎಲ್ಲರಿಗೂ ಸಂದಂತೆ ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

1982ರ ಶಾಸನ ಈ ಟೀಕೆಯಿಂದ ಹುಟ್ಟಿದುದಲ್ಲ. ಅದರ ಮಾದರಿಯನ್ನು ರೂಪಿಸಿದವರು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅಧಿಕಾರಿ ರೋಲಂಡ್ ಟಿಬೆಟ್ಸ್. ಆ ಪ್ರತಿಷ್ಠಾನದಲ್ಲಿ 1977ರಲ್ಲಿಯೇ ಇದು ಜಾರಿಗೆ ಬಂದಿತ್ತು. ಅವರ ಏರ್ಪಾಡಿನಲ್ಲಿ ಮೂರು ಹಂತಗಳು. ಕಲ್ಪನೆ ಸಾಧ್ಯವೇ ಎಂದು ನೋಡಲು ಮೊದಲು ಅಲ್ಪ ಹಣ; ಅದರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಬೆಳೆಸಲು ಹೆಚ್ಚಿನ ಹಣ; ಮಾರುಕಟ್ಟೆಗೆ ತರುವ ಮೂರನೆಯ ಹಂತಕ್ಕೆ ಈ ನಿಧಿಯಿಂದ ಏನೂ ಇಲ್ಲ, ಉದ್ಯಮಿ ಬೇರೆಡೆ ಬಂಡವಾಳ ಹುಡುಕಬೇಕು. ಸೋಲುವವರು ಬೇಗ, ಅಗ್ಗವಾಗಿ ಸೋಲಲಿ ಎಂಬ ಈ ಲೆಕ್ಕಾಚಾರವೇ ಯೋಜನೆಯ ಜಾಣತನವೆಂದು ನಮಗೆ ತೋರುತ್ತದೆ. ಸಣ್ಣ ಉದ್ಯಮವೆಂದರೆ 500ಕ್ಕೆ ಮೀರದ ನೌಕರರಿರುವುದು. ನಮ್ಮ ಊರುಗಳ ಲೆಕ್ಕದಲ್ಲಿ ಅದು ಸಣ್ಣದೇನೂ ಅಲ್ಲ!

ಕೃಷಿ ಇಲಾಖೆಯು ಅರಣ್ಯ, ಸಸ್ಯ ಮತ್ತು ಪ್ರಾಣಿ ಸಂರಕ್ಷಣೆ, ಆಹಾರ ವಿಜ್ಞಾನ, ಜಲಕೃಷಿ ಮುಂತಾದುವುಗಳ ಜೊತೆಗೆ ಗ್ರಾಮಾಭಿವೃದ್ಧಿಯನ್ನೂ ಒಂದು ವಿಷಯವಾಗಿ ಅಂಗೀಕರಿಸಿತು. 1992ರಲ್ಲಿ ಶಾಸನವನ್ನು ನವೀಕರಿಸಿದಾಗ ಅಂಶವು 2.5ಕ್ಕೆ ಏರುವಂತೆ ಗೊತ್ತಾಯಿತು. 2011ರ ನವೀಕರಣ ಅದನ್ನು 3.2ರವರೆಗೆ ಒಯ್ದಿತು. ವಿರೋಧಿಸಿದ್ದ ವಿಶ್ವವಿದ್ಯಾನಿಲಯಗಳು ಏನಾದವು? ಮೊದಲ ಹಂತದ ಕೆಲಸದಲ್ಲಿ ಮೂರರಲ್ಲೊಂದು ಪಾಲನ್ನೂ ಎರಡನೆಯದರಲ್ಲಿ ಅರ್ಧವನ್ನೂ ಉದ್ಯಮವು ಹೊರಗಿನವರಿಗೆ ವಹಿಸಬಹುದೆಂಬ ನಿಯಮದಿಂದ ಅವೂ ಪಾಲುದಾರರಾದವು. ಕೃಷಿ ಇಲಾಖೆಗೆ ಬಂದ ಅರ್ಜಿಗಳ ಗುಣದೋಷ ನೋಡುವ ಕೆಲಸವಂತೂ ಬಹುಮಟ್ಟಿಗೆ ಪ್ರಾಧ್ಯಾಪಕರ ಕೈಯಲ್ಲೇ ಉಳಿಯಿತು.

ಇಲ್ಲಿಯೇ ನಮ್ಮ ಸಂಶಯವೂ ಇದೆ. ಗ್ರಾಮಕ್ಕೆ ಪ್ರಯೋಜನವಾಗುವ ಸಂಶೋಧನೆಗೆ ಹಣ ಪಡೆಯುವ ಉದ್ಯಮ ಗ್ರಾಮದಲ್ಲಿರಬೇಕೆಂಬ ನಿಬಂಧನೆಯಿರಲಿಲ್ಲ. ಎಲ್ಲ ಇಲಾಖೆಗಳನ್ನೂ ಒಟ್ಟಾಗಿ ನೋಡಿದರೆ ಕ್ಯಾಲಿಫೋರ್ನಿಯ, ಮ್ಯಾಸಚೂಸೆಟ್ಸ್ ಸಂಸ್ಥಾನಗಳ ಪಾಲು ಅಗ್ರವಾಗಿತ್ತು. ಮುಖ್ಯ ಸಂಶೋಧಕನ ಪ್ರಧಾನ ವೃತ್ತಿ ಆ ಉದ್ಯಮದಲ್ಲಿಯೇ ಇರತಕ್ಕದ್ದು. ಪ್ರಸ್ತಾವವನ್ನು ಶಾಸ್ತ್ರೀಯ ರೀತಿಯಲ್ಲಿ ಬರೆಯತಕ್ಕದ್ದು. ಗೋಧಿ ಹೊಲದಲ್ಲಿ ಕೊಳವೆಗೆ ಗಾಲಿ ಕಟ್ಟಿದ ಜೈಬಾಕನಂಥವನು ಈ ಬಾಗಿಲನ್ನು ದಾಟುತ್ತಿದ್ದನೇ? ಡಾಗರ್ಟಿಯವರ ಕಾರ್ಖಾನೆಯಾದರೆ ದಾಟುತ್ತಿತ್ತು. ಹೊಲದ ರೈತ ಬಹುಶಃ ಹೊರಗೇ ನಿಲ್ಲುತ್ತಿದ್ದನು.

ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2005ರಲ್ಲಿ ಇದೇ ತೆರನಾದ ಹೆಸರಿನಿಂದ ಸಣ್ಣ ಉದ್ಯಮಗಳ ಸಂಶೋಧನೆಗೆ ಒಂದು ಯೋಜನೆಯನ್ನು ಆರಂಭಿಸಿತು. 2012ರಲ್ಲಿ ಇಂಥ ನೆರವಿಗೆಂದೇ ಒಂದು ಪ್ರತ್ಯೇಕ ಸಂಸ್ಥೆ ಸ್ಥಾಪಿತವಾಯಿತು. ಅದರ ಹಣದಲ್ಲಿ ಬೆಂಗಳೂರಿನ ಪ್ರಯೋಗಶಾಲೆಗಳಿಗೆ ಸಂದುದೆಷ್ಟು, ತಾಲ್ಲೂಕು ಕೇಂದ್ರಗಳ ಬೀಜದ ಮಂಡಿಗಳಿಗೂ ಕೃಷಿ ಉಪಕರಣಗಳ ಕಮ್ಮಟಗಳಿಗೂ ಸಂದುದೆಷ್ಟು ಎಂಬುದನ್ನು ವರ್ಷವರ್ಷದ ವರದಿಗಳಿಂದ ಲೆಕ್ಕಹಾಕುವ ಕೆಲಸ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಕ್ಕೆ ತಕ್ಕುದಾಗಿದೆ.