ಮರ ಎಳೆದ ದಾರಿಗಳು

ನಮ್ಮ ಸದಾಶಿವ ಪೇಠೆಯ ಹುಡುಗರಿಗೆ ಶನಿವಾರ ರಾತ್ರಿ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಬೆನ್ನಿಗೊಂದು ಚೀಲ ಏರಿಸಿ ರಾಜಗಡ, ತೋರಣಾ ಅಂತ ಹೊರಟುಬಿಡುತ್ತಾರೆ. ಮಳೆಗಾಲ ಕಳೆದ ಮೇಲೆ ಕೆಲವು ಗುಂಪುಗಳು ನಮ್ಮ ದಾಂಡೇಲಿ ಕಡೆಗೂ ಹೋಗುತ್ತವೆ. ಹೋಗಿ ಬಂದವರದು ಒಂದೇ ಮಾತು: "ಕಾಕಾ, ಗಡ ಹತ್ತಿದ ಹಾಗೆ ಏದುಸಿರು ಬರೋದೇ ಇಲ್ಲ. ಕಾಡಿನ ಒಳಗೆ ಎಂಥಾ ಸಲೀಸು ದಾರಿ!"

ಸಲೀಸು ಇರಲೇಬೇಕು. ಗಡದ ದಾರಿ ಮಾಡಿದ್ದು ವೈರಿ ಹತ್ತಬಾರದು ಅಂತ. ಕಾಡಿನ ದಾರಿ ಮಾಡಿದ್ದು ಸಾಗವಾನಿಯ ದಿಮ್ಮಿ ಹೊತ್ತ ಗಾಡಿ ಉರುಳಿಬೀಳಬಾರದು ಅಂತ. ಎತ್ತು ಎಳೆಯುವಷ್ಟೇ ಏರು, ತಡೆದು ಹಿಡಿಯುವಷ್ಟೇ ಇಳಿಜಾರು, ಗುಡ್ಡದ ಸೊಂಟ ಬಳಸಿ ದೊಡ್ಡ ದೊಡ್ಡ ತಿರುವು. ಎತ್ತಿನ ಗಾಡಿ ಹೋಗಿ ಲಾರಿ ಬಂದಾಗಲೂ ಲೆಕ್ಕ ಅದೇ.

ಹಿಮ ಬೀಳುವ ದೇಶಗಳಲ್ಲೂ ಇದೇ ಕತೆ. ಸ್ಕೀ ಅಂದರೆ ಬೆಟ್ಟದ ನೆತ್ತಿಯಿಂದ ಜರ್ರನೆ ಜಾರುವುದು ಅಂತಲೇ ನಾವು ಟೀವಿ ನೋಡಿ ತಿಳಿದಿರುವುದು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಮೈಲಿಗಟ್ಟಲೆ ಕಾಡಿನಲ್ಲಿ ಸಾಗುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ಕಡಿದಾದ ಬೆಟ್ಟ ಬೇಡ, ಹದವಾದ ದಾರಿ ಬೇಕು. ಹಾಗಾಗಿ ಅವರಿಗೆ ಒದಗಿ ಬಂದದ್ದು ಹಳೆಯ ಮರ ಸಾಗಿಸುವ ರಸ್ತೆಗಳು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1984ರಲ್ಲಿ ಮೂವರು ತರುಣರು ತುದಿಯಿಂದ ತುದಿಗೆ ಹೀಗೆ ಸ್ಕೀ ಮಾಡಿಕೊಂಡು ಹೋದರು. ಅದೀಗ ಸುಮಾರು 300 ಮೈಲಿ ಉದ್ದದ ಕ್ಯಾಟಮೌಂಟ್ ಟ್ರೇಲ್. ಅದರಲ್ಲಿ ಹಳೆಯ ಮರದ ರಸ್ತೆಗಳೂ ಸೇರಿವೆ. ಅಂದ ಹಾಗೆ, ಅಲ್ಲೆಲ್ಲ ಮರ ಎಳೆಯುತ್ತಿದ್ದುದೇ ಚಳಿಗಾಲದಲ್ಲಿ. ರಸ್ತೆಯ ಮೇಲೆ ನೀರು ಸುರಿದು ರಾತ್ರಿ ಹೆಪ್ಪುಗಟ್ಟಲು ಬಿಟ್ಟರೆ, ಮರುದಿನ ಕುದುರೆಗಳು ಬೆಟ್ಟದಷ್ಟು ದಿಮ್ಮಿ ಹೇರಿದ ಜಾರುಗಾಡಿಯನ್ನು ಎಳೆದೊಯ್ಯುತ್ತಿದ್ದವು. ನಮ್ಮಲ್ಲಿ ತಿರುಗಾಮುರುಗಾ! ನೀರು ಬಿತ್ತೋ ಕೆಲಸ ಬಂದ್. ದೀಪಾವಳಿಯ ನಂತರ ಶುರುವಾಗಿ ಮುಂಗಾರಿನ ಮೊದಲು ಮುಗಿಯಬೇಕು.

ನಮ್ಮ ಈ ದಾರಿಗಳ ಕತೆಗೆ ಪುಣೆಯ ನಂಟೂ ಉಂಟು. ಪೇಶ್ವೆಯವರ ರಾಜ್ಯ 1818ರಲ್ಲಿ ಮುಗಿದ ಮೇಲೆ ಧಾರವಾಡ, ಬೆಳಗಾವಿ ಕಡೆಯ ಸೀಮೆ ಮುಂಬಯಿ ಸರಕಾರಕ್ಕೆ ಸೇರಿತು. ಆ ಸರಕಾರ 1847ರಲ್ಲಿ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಎಂದು ನೇಮಿಸಿದ್ದು ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ ಎಂಬುವರನ್ನು. ಅಲ್ಲಿಯವರೆಗೆ ಅವರು ನೋಡಿಕೊಳ್ಳುತ್ತಿದ್ದುದು ಇಲ್ಲೇ ದಾಪೋಡಿಯ ಸಸ್ಯೋದ್ಯಾನವನ್ನು. ಉತ್ತರ ಕನ್ನಡ ಆಗಿನ್ನೂ ಮದರಾಸಿನ ಕೈಯಲ್ಲಿತ್ತು, ಅಲ್ಲಿನ ಕಾಡಿಗೆ 1856ರಿಂದ ಹ್ಯೂ ಕ್ಲೆಗ್‌ಹಾರ್ನ್ ಅಧಿಕಾರಿ. 1862ರಲ್ಲಿ ಆ ಜಿಲ್ಲೆಯೂ ಮುಂಬಯಿಗೆ ಬಂತು. ಮ್ಯಾಂಚೆಸ್ಟರಿನವರಿಗೆ ಧಾರವಾಡದ ಹತ್ತಿ ಬೇಕಿತ್ತು, ಅದಕ್ಕೆ ಕಾರವಾರದ ಬಂದರು ಬೇಕಿತ್ತು!

ಕ್ಲೆಗ್‌ಹಾರ್ನ್ ಸಾಹೇಬರಿಗೆ ಕುಮರಿ ಬೇಸಾಯ ಕಂಡರೆ ಆಗುತ್ತಿರಲಿಲ್ಲ. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ರಾಗಿ ಬಿತ್ತಿ, ನಾಲ್ಕು ದಿನಕ್ಕೆ ಬೇರೆ ಕಡೆ ಹೋಗುವ ಕುಣಬಿಯರಂಥವರೇ ಕಾಡಿನ ಶತ್ರು ಎಂದಾಯಿತು. ಕುಮರಿಗೆ ಅಡ್ಡಿ, ಸರಕಾರಿ ಕೊಡಲಿಗೆ ರಸ್ತೆ. ಮೊದಲ ಮಹಾಯುದ್ಧ ಮುಗಿಯುವ ಸುಮಾರಿಗೆ ಅಳ್ನಾವರದಿಂದ ದಾಂಡೇಲಿಗೆ ಮರಕ್ಕಾಗಿಯೇ ಕವಲು ಹಳಿ ಬಿತ್ತು. ಮುಂದೆ ಅದೇ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಓಡಿತು, ನಿಂತಿತು, 2019ರಲ್ಲಿ ಮತ್ತೆ ಓಡಿತು... ಅದು ಬೇರೆಯೇ ಪುರಾಣ, ಇರಲಿ.

ನನ್ನ ಕಣ್ಣು ನಿಲ್ಲುವುದು ಬಿದಿರಿನ ಲೆಕ್ಕದ ಮೇಲೆ. ಬ್ಯಾಂಕಿನವನಲ್ಲವೇ, ದರ ಕಂಡ ಕೂಡಲೇ ಓದು ನಿಧಾನವಾಗುತ್ತದೆ. ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಹುಟ್ಟಿತು. ಅದಕ್ಕೆ ಸರಕಾರ ಬಿದಿರು ಕೊಡಲು ಒಪ್ಪಿದ ದರ ಟನ್ನಿಗೆ ಒಂದೂವರೆ ರೂಪಾಯಿ. ಕ್ವಿಂಟಲ್ಲಿಗಲ್ಲ ಸ್ವಾಮಿ, ಟನ್ನಿಗೆ! ಬುಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಇದರ ಎಷ್ಟೋ ಪಟ್ಟು ಕೊಡಬೇಕಿತ್ತು. ಇಷ್ಟು ಸೋವಿಗೆ ಸಿಕ್ಕಿದ್ದನ್ನು ಯಾರು ಕಾಪಾಡುತ್ತಾರೆ? ಬಿದಿರು ಖಾಲಿಯಾಗತೊಡಗಿತು. ಹಳ್ಳಿಯವರ ದನ ಮೇಯ್ದು ಹೀಗಾಯಿತು ಎಂಬ ದೂರೂ ಬಂತು.

1970ರ ದಶಕದಲ್ಲಿ ಇದನ್ನು ಅಭ್ಯಾಸ ಮಾಡಲು ಹೋದವರು ಪುಣೆಯಲ್ಲೇ ಹುಟ್ಟಿ, ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ಮಾಧವ ಗಾಡ್ಗೀಳ್. ಅವರು ಬರೆದಿರುವ ಒಂದು ಸಂಗತಿ ನನಗೆ ಮರೆಯುವುದಿಲ್ಲ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದು ತೆಗೆದರೆ ಬಿದಿರು ಚೆನ್ನಾಗಿ ಬೆಳೆದೀತು ಅಂತ ಇಲಾಖೆಯವರು ಸವರಿಸುತ್ತಿದ್ದರು. ಹಳ್ಳಿಯವರು ಹೇಳಿದ್ದು ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಬೇಲಿ ತೆಗೆದರೆ ದನ, ಕಾಡುಪ್ರಾಣಿ ಎಲ್ಲ ಬಂದು ಎಳೆಯ ಮೊಳಕೆ ತಿಂದು ಹೋಗುತ್ತವೆ. ಗಾಡ್ಗೀಳರು ಪರೀಕ್ಷಿಸಿ ನೋಡಿದರೆ ಹಳ್ಳಿಯವರ ಮಾತೇ ನಿಜ. ಆ ಹೊತ್ತಿಗೆ ಕಾರ್ಖಾನೆ ದೂರದ ಕಾಡುಗಳ ಬಿದಿರು ತರುತ್ತಿತ್ತು. ಶಿರಸಿ ಕಡೆಯವರು ಇಷ್ಟಕ್ಕೆ ಸುಮ್ಮನಿರಲಿಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕೆಳಾಸೆಯ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ.

ದಾಂಡೇಲಿ ಕಾಡು 1956ರಲ್ಲಿ ಅಭಯಾರಣ್ಯ, 2007ರಲ್ಲಿ ಅಣಶಿಯ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಅದಕ್ಕೆ ಕಾಳಿಯ ಹೆಸರು. ದಿಮ್ಮಿ ಎಳೆದ ದಾರಿಗಳಲ್ಲಿ ಈಗ ಸಫಾರಿ ಜೀಪು ಓಡುತ್ತದೆ. ಎಲ್ಲ ದಾರಿಗಳಿಗೂ ಈ ಭಾಗ್ಯ ಬರಲಿಲ್ಲ. 1987ರಲ್ಲಿ ಸೂಪಾ ಅಣೆಕಟ್ಟು ಮುಗಿದಾಗ ತಾಲೂಕಿನ ಊರೇ ನೀರೊಳಗೆ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು.

ನಮ್ಮ ಪೇಠೆಯ ಹುಡುಗರಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಆ ಕಾಡಿನಲ್ಲಿ ಸಿಗುವ ಧನಗರ ಗೌಳಿಗಳ ಜೊತೆ ನಿಮ್ಮ ಮರಾಠಿಯಲ್ಲೇ ಮಾತಾಡಿ, ಅವರ ಮನೆಮಾತು ಅದಕ್ಕೆ ಹತ್ತಿರದ್ದೇ. ಜೋಯಿಡಾದ ಕುಣಬಿಯವರ ಮನೆಯ ಗೆಡ್ಡೆ ಗೆಣಸು ತಿನ್ನಿ. ಅವರ ಊರಿಗೆ ದಾರಿ ಯಾವುದು ಅಂತಲೂ ಕೇಳಿ. ಕಾಯಿಲೆಯವರನ್ನು ಜೋಲಿಯಲ್ಲಿ ಹೊತ್ತು, ಕಾಲುದಾರಿಯಲ್ಲಿ ಮೈಲಿಗಟ್ಟಲೆ ನಡೆದು ಆಸ್ಪತ್ರೆಗೆ ತಂದ ಸುದ್ದಿ ಆ ಕಡೆಯಿಂದ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.