ಬಿಳಿ, ಗೋಧಿ, ಗಸಿ: ಬವೇರಿಯದ ಒಂದು ಬಿಯರಿನ ಹೆಸರುಗಳ ಚರಿತ್ರೆ

ಜರ್ಮನಿಯ ಗೋಧಿ ಬಿಯರಿಗೆ ಮೂರು ಹೆಸರುಗಳು ಚಾಲ್ತಿಯಲ್ಲಿವೆ. ಬವೇರಿಯದವರು ಅದನ್ನು ವೈಸ್‌ಬಿಯರ್ ಎನ್ನುತ್ತಾರೆ. 'ವೈಸ್' ಎಂದರೆ ಬಿಳಿ. ದೇಶದ ಉಳಿದ ಭಾಗಗಳಲ್ಲಿ ಅದೇ ಪಾನೀಯ ವೈತ್ಸೆನ್, ಅಂದರೆ ಗೋಧಿ. ಹೊರದೇಶಗಳ ಬಿಯರ್ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಹೆಫೆವೈತ್ಸೆನ್. 'ಹೆಫೆ' ಎಂದರೆ ಯೀಸ್ಟ್. ಇವನ್ನು ಪರ್ಯಾಯ ಪದಗಳೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಒಂದು ಬಣ್ಣ, ಇನ್ನೊಂದು ಕಾಳು, ಮತ್ತೊಂದು ಸೀಸೆಯ ತಳದ ಗಸಿ. ಆಯಾ ಕಾಲದಲ್ಲಿ ಪಕ್ಕದಲ್ಲೇ ಇದ್ದ ಬೇರೊಂದು ಬಿಯರಿನಿಂದ ಇದನ್ನು ಬೇರ್ಪಡಿಸಿ ತೋರಿಸುವ ಅಗತ್ಯವೇ ಈ ಹೆಸರುಗಳನ್ನು ಬಳಕೆಯಲ್ಲಿ ನಿಲ್ಲಿಸಿತು ಎಂಬುದು ನನ್ನ ವಾದ.

ಮೊದಲು ಬಣ್ಣ. ಜರ್ಮನ್ ಭಾಷೆಯ 'ವೈಸ್' ಮತ್ತು 'ವೈತ್ಸೆನ್' ಒಂದೇ ಧಾತುವಿನಿಂದ ಬಂದವು. ಬಿಳಿ ಹಿಟ್ಟು ಕೊಡುವ ಕಾಳು ಎಂಬ ಅರ್ಥದಲ್ಲಿ ಗೋಧಿಗೆ ಆ ಹೆಸರು ಬಂತು. ಈ ನಂಟನ್ನು ನೆಚ್ಚಿಕೊಂಡು ವೈಸ್‌ಬಿಯರ್ ಎಂದರೆ ಮೂಲದಲ್ಲೇ ಗೋಧಿ ಬಿಯರ್ ಎಂದು ತೀರ್ಮಾನಿಸಿದವರು ಬಹಳ. ಅದು ಅವಸರದ ತೀರ್ಮಾನ. ಹಳೆಯ ಕಾಲದಲ್ಲಿ ಮೊಳಕೆ ಕಟ್ಟಿದ ಕಾಳನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿದರೆ ಬಿಯರ್ ಕಂದಾಗುತ್ತಿತ್ತು, ಗಾಳಿಗೆ ಹರವಿ ಒಣಗಿಸಿದರೆ ತಿಳಿಬಣ್ಣಕ್ಕೆ ಬರುತ್ತಿತ್ತು. ಬಿಳಿ ಬಿಯರ್ ಎಂಬುದು ಈ ಕಂದು ಬಿಯರಿನ ಎದುರು ನಿಂತ ಹೆಸರು. ಹ್ಯಾನೋವರಿನಲ್ಲಿ ಕೋರ್ಡ್ ಬ್ರೊಯ್ಹಾನ್ 1526ರಲ್ಲಿ ತಯಾರಿಸಿದ, ಅವನ ಹೆಸರನ್ನೇ ಹೊತ್ತ ಬಿಯರ್ ಬಿಳಿ ಬಿಯರುಗಳ ಸಾಲಿಗೇ ಸೇರಿತ್ತು. ಕಾಲಕ್ರಮದಲ್ಲಿ ಅದರಿಂದ ಗೋಧಿ ಮರೆಯಾಗಿ ಬಾರ್ಲಿಯಷ್ಟೇ ಉಳಿಯಿತು. ಹಳೆಯ ದಾಖಲೆಯಲ್ಲಿ ಬಿಳಿ ಬಿಯರ್ ಎಂದು ಕಂಡಲ್ಲೆಲ್ಲ ಗೋಧಿ ಎಂದು ಓದಿಕೊಳ್ಳುವಂತಿಲ್ಲ. (ಬಾರ್ಲಿಗೆ ಜವೆಗೋಧಿ ಎನ್ನುವ ಕನ್ನಡದಲ್ಲಿ ಬರೆಯುವವನು ಈ ವಿಷಯದಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು.)

ಬವೇರಿಯದಲ್ಲಿ ಬಿಳಿ ಮತ್ತು ಗೋಧಿ ಒಂದಾದದ್ದಕ್ಕೆ ಕಾನೂನು ಕಾರಣ. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಡ್ಯೂಕ್‌ಗಳಾದ ನಾಲ್ಕನೇ ವಿಲ್‌ಹೆಲ್ಮ್ ಮತ್ತು ಹತ್ತನೇ ಲುಡ್ವಿಗ್ ಹೊರಡಿಸಿದ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಸಲ್ಲುತ್ತವೆ ಎಂದಿತು. ಇದನ್ನು ಇಂದು ಶುದ್ಧತೆಯ ಕಾನೂನು ಎಂದು ಕೊಂಡಾಡುತ್ತಾರಾದರೂ ಆ ಹೆಸರು ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಕಟ್ಟಳೆಯ ಬಹುಪಾಲು ಮಾತು ಬೆಲೆಯದ್ದು. ಗೋಧಿ ಬ್ರೆಡ್ಡಿಗೆ ಉಳಿಯಲೆಂದು ಹೀಗೆ ಮಾಡಿದರು ಎಂಬ ವಿವರಣೆ ಜನಪ್ರಿಯ. ಅದೇ ಪೂರ್ತಿ ಕಾರಣವಾಗಿದ್ದರೆ ಮುಂದಿನ ಸಂಗತಿಗೆ ಅರ್ಥವಿರುವುದಿಲ್ಲ: ಅದೇ ಶತಮಾನದಲ್ಲಿ ಡೇಗೆನ್‌ಬೆರ್ಗ್ ಎಂಬ ಸರದಾರ ಮನೆತನಕ್ಕೆ ಬವೇರಿಯದ ಕಾಡುಸೀಮೆಯಲ್ಲಿ ಗೋಧಿ ಬಿಯರ್ ತಯಾರಿಸುವ ವಿಶೇಷ ಹಕ್ಕು ಸಿಕ್ಕಿತು. 1602ರಲ್ಲಿ ಆ ಮನೆತನದ ಕೊನೆಯವನಾದ ಹಾನ್ಸ್ ಸಿಗ್‌ಮುಂಡ್ ಸಂತಾನವಿಲ್ಲದೆ ತೀರಿಕೊಂಡಾಗ ಹಕ್ಕು ಡ್ಯೂಕ್ ಒಂದನೇ ಮ್ಯಾಕ್ಸಿಮಿಲಿಯನ್‌ನ ಕೈಸೇರಿತು. ಅವನು ಅದನ್ನು ಯಾರಿಗೂ ಮರಳಿ ಕೊಡಲಿಲ್ಲ. ಮ್ಯೂನಿಕ್‌ನ ಪ್ಲಾಟ್ಸ್‌ಲ್ ಚೌಕದಲ್ಲಿ, ಈಗ ಹೋಫ್‌ಬ್ರಾಯ್‌ಹೌಸ್ ಇರುವ ಕಡೆ, ಬಿಳಿ ಬಿಯರಿನ ಭಟ್ಟಿಮನೆ ಎದ್ದಿತು. ಕೆಲ್‌ಹೈಮ್ ಊರಿನಲ್ಲಿ 1607ರಲ್ಲಿ ಇನ್ನೊಂದು. ಪ್ರಜೆಗಳಿಗೆ ಬಾರ್ಲಿ, ಅರಸನಿಗೆ ಗೋಧಿ. ಇದರ ಆದಾಯ ಬೊಕ್ಕಸಕ್ಕೆ ದೊಡ್ಡ ಆಸರೆಯಾಯಿತು, ಮೂವತ್ತು ವರ್ಷಗಳ ಯುದ್ಧಕ್ಕೂ ಒದಗಿತು. ಅರಮನೆಯ ಗೋಧಿ ಭಟ್ಟಿಮನೆಗಳು 'ಬಿಳಿ' ಎಂಬ ಹೆಸರು ಹೊತ್ತಿದ್ದರಿಂದ ಬವೇರಿಯದ ಬಾಯಲ್ಲಿ ಬಿಳಿ ಎಂದರೆ ಗೋಧಿಯೇ ಎಂದಾಯಿತು.

ಏಕಸ್ವಾಮ್ಯ ಸಡಿಲವಾದದ್ದು 1798ರಲ್ಲಿ. ಆ ಹೊತ್ತಿಗೆ ತಣ್ಣನೆಯ ನೆಲಮಾಳಿಗೆಯಲ್ಲಿ ನಿಧಾನ ಹುದುಗುವ ಬಾರ್ಲಿ ಬಿಯರ್ ಗೆದ್ದಿತ್ತು. ಅರಮನೆಯ ಗೋಧಿ ಭಟ್ಟಿಯನ್ನು ಗುತ್ತಿಗೆಗೆ ನಡೆಸುತ್ತಿದ್ದ ಗೇಯೋರ್ಗ್ ಷ್ನೈಡರ್ 1872ರಲ್ಲಿ ಎರಡನೇ ಲುಡ್ವಿಗ್ ಅರಸನಿಂದ ತಯಾರಿಕೆಯ ಹಕ್ಕು ಪಡೆದು ಮ್ಯೂನಿಕ್‌ನಲ್ಲಿ ಸ್ವಂತ ಕಸುಬು ಆರಂಭಿಸಿದ. ಅವನ ವಂಶದವರು 1928ರಲ್ಲಿ ಕೆಲ್‌ಹೈಮ್‌ನ ಭಟ್ಟಿಮನೆಯನ್ನೂ ಕೊಂಡರು. 1944ರ ಬಾಂಬಿಗೆ ಮ್ಯೂನಿಕ್‌ನದು ನಾಶವಾದಾಗ ಅಲ್ಲಿಗೇ ಹೋದರು. 1894ರಲ್ಲಿ ಸ್ಪಾಟೆನ್ ಕಂಪನಿ 'ಹೆಲ್ಲೆಸ್' ಎಂಬ ತಿಳಿಬಣ್ಣದ ಬಾರ್ಲಿ ಬಿಯರನ್ನು ತಂದಮೇಲಂತೂ ಬಣ್ಣ ನೋಡಿ ಬೇರ್ಪಡಿಸುವ ಮಾತೇ ಉಳಿಯಲಿಲ್ಲ. ಇಂದು 'ಡುಂಕ್ಲೆಸ್ ವೈಸ್‌ಬಿಯರ್' ಎಂಬ ಬಗೆಯೇ ಇದೆ, ಅಕ್ಷರಶಃ ಕಪ್ಪು ಬಿಳಿ ಬಿಯರ್. ಕೇಳಿ ನಗುವ ಬವೇರಿಯನ್ನನನ್ನು ನಾನು ಕಂಡಿಲ್ಲ.

ಕಾಳಿನ ಹೆಸರಿಗೆ ಕಾನೂನಿನ ಒತ್ತಾಸೆಯಿದೆ: ಮಾಲ್ಟಿನಲ್ಲಿ ಕನಿಷ್ಠ ಅರ್ಧದಷ್ಟು ಗೋಧಿಯದಾಗಿರಬೇಕು, ಮತ್ತು ಹುದುಗುವಾಗ ಮೇಲಕ್ಕೇರುವ ಜಾತಿಯ ಯೀಸ್ಟನ್ನೇ ಬಳಸಬೇಕು. ವ್ಯಾಕರಣವೂ ಸಹಕರಿಸುತ್ತದೆ. ಹೊಲದ ಗೋಧಿ ಪುಲ್ಲಿಂಗ, 'ಡೆರ್ ವೈತ್ಸೆನ್'. ಗ್ಲಾಸಿನದು ನಪುಂಸಕ, 'ಡಾಸ್ ವೈತ್ಸೆನ್'. ಬಿಳಿಯದು ಎಂದಷ್ಟೇ ಹೇಳುವ 'ವೈಸ್ಸೆ' ಮಾತ್ರ ಊರಿಗೆ ತಕ್ಕಂತೆ ಬದಲಾಗುತ್ತದೆ. ಮ್ಯೂನಿಕ್‌ನಲ್ಲಿ ಹಾಗೆಂದರೆ ಗೋಧಿ ಬಿಯರ್ ಬರುತ್ತದೆ. ಬರ್ಲಿನ್‌ನಲ್ಲಿ ಬರುವುದು ಹುಳಿಯಾದ, ಮದ್ಯಾಂಶ ಕಡಿಮೆಯಿರುವ ಬೇರೆಯದೇ ಬಿಯರ್. ಕೆಂಪೋ ಹಸಿರೋ ಎಂದು ಕೇಳಿ ರಾಸ್ಪ್‌ಬೆರಿ ಅಥವಾ ವುಡ್‌ರಫ್ ಪಾಕ ಬೆರೆಸಿ ಕೊಡುತ್ತಾರೆ.

'ಹೆಫೆ' ಎಂಬ ಮುನ್ಪದ ಎಲ್ಲಕ್ಕಿಂತ ಕಿರಿಯದು. ಯೀಸ್ಟ್ ಇಲ್ಲದ ಗೋಧಿ ಬಿಯರ್ ಇಲ್ಲದಿದ್ದ ಕಾಲದಲ್ಲಿ ಯೀಸ್ಟ್ ಇದೆ ಎಂದು ಹೇಳುವ ದರ್ದು ಯಾರಿಗಿತ್ತು? ಲೊರೆಂಟ್ಸ್ ಎನ್ಟ್ಸಿಂಗರ್ 1878ರಲ್ಲಿ ಬಿಯರ್ ಸೋಸುವ ಯಂತ್ರ ಕಂಡುಹಿಡಿದ ಮೇಲೆ ಗಾಜಿನಂತೆ ತಿಳಿಯಾದ ಬಿಯರ್ ಸಾಧ್ಯವಾಯಿತು, 20ನೇ ಶತಮಾನದಲ್ಲಿ 'ಕ್ರಿಸ್ಟಾಲ್‌ವೈತ್ಸೆನ್' ಬೆಡಗಿನ ಪಾನೀಯವಾಯಿತು. ಅದರೆದುರು ಮಬ್ಬಾದ ಹಳೆಯದಕ್ಕೆ ಹೊಸ ಹೆಸರು ಬೇಕಾಯಿತು.

ಆ ಮಬ್ಬಿನ ಮೂಲ ಸುರಿಯುವಾಗ ಗೊತ್ತಾಗುತ್ತದೆ. ಉದ್ದನೆಯ ಅರ್ಧ ಲೀಟರ್ ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದು, ಓರೆಯಾಗಿ ಹಿಡಿದು, ಸೀಸೆಯನ್ನು ನಿಧಾನವಾಗಿ ಬಗ್ಗಿಸುತ್ತಾರೆ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಾಗ ನಿಲ್ಲಿಸಿ, ಸೀಸೆಯನ್ನು ಗಿರ್ರನೆ ತಿರುಗಿಸಿ, ಕದಡಿದ ಗಸಿಯನ್ನು ನೊರೆಯೊಂದಿಗೆ ಮೇಲೆ ಸುರಿಯುತ್ತಾರೆ. ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟ್‌ನದು, ಲವಂಗದ ವಾಸನೆ 4-ವಿನೈಲ್‌ಗ್ವಾಯಕಾಲ್‌ನದು. ಎರಡನ್ನೂ ಹುಟ್ಟಿಸುವುದು ಯೀಸ್ಟ್. ಲವಂಗದ ಘಾಟು ಹೆಚ್ಚಬೇಕೆಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವಾಗ 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಅದಕ್ಕೆ ಬೇಕಾದ ಫೆರುಲಿಕ್ ಆಮ್ಲ ಆಗ ಬಿಡುಗಡೆಯಾಗುತ್ತದೆ.

ಹೀಗಿದ್ದೂ ಹೆಸರು ಯೀಸ್ಟನ್ನು ಬಿಟ್ಟು ಒಬ್ಬಂಟಿಯಾಗಿ ಸಮುದ್ರ ದಾಟಿತು. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ವಿಡ್ಮರ್ ಸೋದರರು 1986ರಲ್ಲಿ ಸೋಸದ ಗೋಧಿ ಬಿಯರನ್ನು ಹೆಫೆವೈಜನ್ ಎಂದು ಮಾರಿದರು. ಅವರ ಯೀಸ್ಟ್ ಬಾಳೆಯ ಗಂಧವನ್ನೂ ಕೊಡದು, ಲವಂಗದ್ದನ್ನೂ ಕೊಡದು. ಗ್ಲಾಸಿನ ಅಂಚಿಗೊಂದು ನಿಂಬೆ ಹೋಳು ಸಿಕ್ಕಿಸುವುದು ರೂಢಿಯಾಯಿತು. ಅಲ್ಲಿ ಹೆಫೆ ಎಂದರೆ ಮಬ್ಬು ಎಂದಷ್ಟೇ ಉಳಿಯಿತು. ಬೆಂಗಳೂರಿನ ಮೈಕ್ರೋಬ್ರೂವರಿಗಳ ಪಟ್ಟಿಯಲ್ಲಿ ಬಹುತೇಕ ಕಾಯಂ ಆಗಿರುವ ಹೆಫೆವೈಜನ್ ಹೆಚ್ಚಾಗಿ ಬವೇರಿಯದ ಜಾಡಿನದ್ದು, ಬಾಳೆ ಮತ್ತು ಲವಂಗ ಎರಡೂ ಇರುವಂಥದ್ದು. ಬಿಯರ್ ತೀರ್ಪುಗಾರರು ಬಳಸುವ ಬಿಜೆಸಿಪಿ ಕೈಪಿಡಿಯಂತೂ 2015ರ ಆವೃತ್ತಿಯಲ್ಲಿ ಈ ಬಗೆಯನ್ನು ವೈಸ್‌ಬಿಯರ್ ಎಂಬ ಶೀರ್ಷಿಕೆಯಡಿ ಇಟ್ಟಿತು, ಅಮೆರಿಕದ ಗೋಧಿ ಬಿಯರಿಗೆ ಪ್ರತ್ಯೇಕ ಜಾಗ ಕೊಟ್ಟಿತು.